ಹಿನ್ನೆಲೆಯಲ್ಲಿ ಮಗು ಅಳುತ್ತಿದೆ

ಗಂಡಸು ಮಗುವಿನ ಮೂಗು ಒರೆಸಿದರೆ ಓಣಿಯೆಲ್ಲ ನಿಂತು ನೋಡುತ್ತದೆ. ಬ್ಯಾಡಗಿಯಲ್ಲಿ ಮನೆಯಿಂದ ಕೆಲಸ ಮಾಡಲು ಕುಳಿತ ಮೇಲೆ ನನಗೆ ತಿಳಿದ ಮೊದಲ ಸತ್ಯ ಇದು. ಎದುರು ಮನೆಯ ಅಜ್ಜಿ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು, ನಾನು ಮಗಳ ಚಡ್ಡಿ ಒಣಹಾಕುವುದನ್ನು ಸಿನಿಮಾ ನೋಡಿದ ಹಾಗೆ ನೋಡುತ್ತಿದ್ದಳು. “ಎಂಥಾ ಮಗನ್ನ ಹಡದೀಯವ್ವಾ” ಎಂದು ನನ್ನ ಅವ್ವನಿಗೆ ಹೇಳುತ್ತಿದ್ದಳು. ಅದೇ ಹಗ್ಗದ ಮೇಲೆ ಅದೇ ಚಡ್ಡಿಗಳನ್ನು ರಜೆಯ ದಿನ ನನ್ನ ಹೆಂಡತಿ ಒಣಹಾಕಿದರೆ ಅಜ್ಜಿಗೆ ಚಡ್ಡಿಯೂ ಕಾಣುತ್ತಿರಲಿಲ್ಲ, ಹೆಂಡತಿಯೂ ಕಾಣುತ್ತಿರಲಿಲ್ಲ.

ಗಂಡಸರ ತಕರಾರು ಬೇರೆ. ಪಕ್ಕದ ಮನೆಯ ದಲಾಲಿ ಕಾಕಾ ವಾರಕ್ಕೊಮ್ಮೆಯಾದರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

“ಈಗ ಏನ್ ಮಾಡಾಕತ್ತೀಯಪಾ?”

“ಅದ ಬೀಜದ ಕಂಪನಿ, ಕಾಕಾ.”

“ಅದು ಗೊತ್ತೈತಿ. ಕೆಲಸ ಏನ್ ಮಾಡಾಕತ್ತಿ ಅಂದೆ.”

ಕಿವಿಯ ಮೇಲೆ ಹೆಡ್‌ಸೆಟ್ ಇರುವಾಗಲೇ ಕೇಳುತ್ತಿದ್ದರು. ಮನೆಯಲ್ಲಿರುವ ಗಂಡಸು ಎಂದರೆ ಖಾಲಿ ಇರುವ ಗಂಡಸು ಎಂಬುದು ಅವರ ತಿಳುವಳಿಕೆ. ಅವರ ಮನೆಯ ಗ್ಯಾಸ್ ಸಿಲಿಂಡರ್ ಬಂದರೆ ಇಳಿಸಿಕೊಳ್ಳಬೇಕಾದವನು ನಾನು, ಕೊರಿಯರ್ ಬಂದರೆ ಸಹಿ ಹಾಕಬೇಕಾದವನು ನಾನು. ಅವರು ಮಾತ್ರ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳ ಮೇಲೆ ಒರಗಿ ಚಹಾ ಕುಡಿಯುವುದನ್ನು ದುಡಿಮೆ ಎಂದು ಕರೆಯುತ್ತಿದ್ದರು.

ನನ್ನ ಕೆಲಸ ಇಷ್ಟು: ಬೀಜ ಮಾರುವ ಕಂಪನಿಯೊಂದರ ರೈತ ಸಹಾಯವಾಣಿಯಲ್ಲಿ ಮೆಣಸಿನಕಾಯಿ ಬೆಳೆಯ ಕರೆಗಳಿಗೆ ಉತ್ತರ ಕೊಡುವುದು. ಮೆಣಸಿನಕಾಯಿಗೆ ಇದ್ದವರು ನಾವಿಬ್ಬರೇ. ಬ್ಯಾಡಗಿಯಿಂದ ನಾನು, ರಾಣೇಬೆನ್ನೂರಿನಿಂದ ಒಬ್ಬ ಸಹೋದ್ಯೋಗಿ. ಆಕೆಯ ಗಂಡ ಲಾರಿ ಓಡಿಸುತ್ತಿದ್ದರು, ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ನನ್ನ ಮಗಳಿಗಿಂತ ತುಸು ದೊಡ್ಡವಳಾದ, ಅಂಗನವಾಡಿಗೆ ಇನ್ನೂ ವಯಸ್ಸಾಗದ ಮಗಳೊಬ್ಬಳು ಆಕೆಗಿದ್ದಳು. ಮನೆಯಲ್ಲಿ ಬೇರೆ ಯಾರೂ ಇಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಧ್ವನಿಯಷ್ಟೇ ಪರಿಚಯ. ಆಕೆ ನನಗೆ ‘ಅಣ್ಣಾರ’ ಎನ್ನುತ್ತಿದ್ದರು, ನಾನು ‘ಅಕ್ಕಾರ’ ಎನ್ನುತ್ತಿದ್ದೆ. ಫೋನಿನ ಆಚೆ ಆಕೆ ಮಗಳಿಗೆ ಉರ್ದುವಿನಲ್ಲಿ “ಚುಪ್ ಬೈಠ್ ಅಮ್ಮಾ” ಎನ್ನುವುದೂ, ಈಚೆ ನಾನು ನನ್ನ ಮಗಳಿಗೆ “ಸುಮ್ನ ಕುಂದ್ರವ್ವಾ” ಎನ್ನುವುದೂ ಒಂದೇ ಹೊತ್ತಿಗೆ ನಡೆಯುತ್ತಿತ್ತು. ಇಬ್ಬರು ಮಕ್ಕಳೂ ಯಾವ ಭಾಷೆಗೂ ಬಗ್ಗುತ್ತಿರಲಿಲ್ಲ.

ನನ್ನ ಹೆಂಡತಿ ಕುಮಾರಪಟ್ಟಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ನಸುಕಿನಲ್ಲೇ ಬಸ್ಸು ಹಿಡಿಯುತ್ತಾಳೆ. ಅವ್ವ ನಮ್ಮ ಜೊತೆ ಇದ್ದಾಳೆ, ಆದರೆ ಅವಳ ಮೊಣಕಾಲು ಮಗುವನ್ನು ಎತ್ತಲು ಬಿಡುವುದಿಲ್ಲ. ಹಾಗಾಗಿ ಹಗಲಿಡೀ ಮಗು ನನ್ನದು, ಮಗುವನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಸಲಹೆ ಅವ್ವನದು.

ಈ ಕೆಲಸಕ್ಕೆ ಒಂದು ಪದ್ಧತಿ ಕಂಡುಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಬೀದಿಯ ಕಿಟಕಿಗೆ ಅವ್ವ ಹಳೆ ಸೀರೆಗಳಿಂದ ಹೊಲಿದ ಎರಡು ದಪ್ಪ ಕೌದಿಗಳನ್ನು ಇಳಿಬಿಟ್ಟೆ. ಮಾರುಕಟ್ಟೆಗೆ ಹೋಗುವ ಟ್ರ್ಯಾಕ್ಟರುಗಳ ಸದ್ದನ್ನು ಕೌದಿಯಷ್ಟು ಚೆನ್ನಾಗಿ ನುಂಗುವ ವಸ್ತು ಬೇರೆ ಸಿಗಲಿಲ್ಲ. ತೊಲೆಗೆ ಸೀರೆಯ ಜೋಳಿಗೆ ಕಟ್ಟಿ, ಅದರಿಂದ ಒಂದು ಹಗ್ಗ ಇಳಿಸಿ ನನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡೆ. ಮೇಲೆ ಮಾತು, ಕೆಳಗೆ ತೂಗುವುದು. ಮಗು ಎದ್ದಿದ್ದರೆ ಇನ್ನೊಂದು ಉಪಾಯ. ರೈತರಿಗೆ ಉದ್ದ ಉತ್ತರ ಬರುವ ಪ್ರಶ್ನೆ ಕೇಳಬೇಕು. “ಮೊದಲಿಂದ ಏನೇನು ಸಿಂಪಡಿಸೀರಿ, ಒಂದೊಂದ ಹೇಳ್ರಿ” ಎಂದು ಮ್ಯೂಟ್ ಒತ್ತಿದರೆ ಚಡ್ಡಿ ಬದಲಾಯಿಸಿ ಕೈ ತೊಳೆದು ಬರುವಷ್ಟು ಹೊತ್ತು ಸಿಗುತ್ತದೆ. ಮ್ಯೂಟ್ ಗುಂಡಿಯ ಮೇಲೆ ನನ್ನ ಎಡಗೈ ಹೆಬ್ಬೆರಳು ಸದಾ ಕುಳಿತೇ ಇರುತ್ತಿತ್ತು.

ಕಂಪನಿಗೆ ಇದಾವುದೂ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ನಿಶ್ಶಬ್ದ. ಪ್ರತಿ ಕರೆಯನ್ನೂ ಒಂದು ಸಾಫ್ಟ್‌ವೇರ್ ಕೇಳಿಸಿಕೊಂಡು, ನಮ್ಮ ಕಡೆಯಿಂದ ಮಾತಿನ ಹೊರತಾಗಿ ಬೇರೆ ಸದ್ದು ಬಂದರೆ ‘ಹಿನ್ನೆಲೆ ಸದ್ದು’ ಎಂದು ಕೆಂಪು ಗುರುತು ಹಾಕುತ್ತಿತ್ತು. ತಿಂಗಳಿಗೆ ಮೂರು ಕೆಂಪು ಬಿದ್ದರೆ ಮನೆಯ ಕೆಲಸ ರದ್ದು, ಹಾವೇರಿ ಕಚೇರಿಗೆ ಬಂದು ಕೂರಬೇಕು. ಈ ನಿಯಮ ಮಾಡಿದವರು ಬೆಂಗಳೂರಿನ ಎಂಟನೆಯ ಮಹಡಿಯಲ್ಲಿ ಗಾಜಿನ ಕೋಣೆಯೊಳಗೆ ಕುಳಿತಿದ್ದರು. ಕರೆ ಮಾಡುವ ರೈತರ ಹಿಂದೆ ಪಂಪ್‌ಸೆಟ್ಟು, ಆಡು, ಎಮ್ಮೆ, ಜಗಳ ಎಲ್ಲ ಇರುತ್ತಿತ್ತು. ಅದನ್ನು ಆ ಯಂತ್ರ ಸದ್ದೆಂದು ಎಣಿಸುತ್ತಿರಲಿಲ್ಲ, ಅವರು ಗಿರಾಕಿಗಳಲ್ಲವೇ.

ಆ ಮಾಗಿಯಲ್ಲಿ ಕರೆಗಳು ವಿಪರೀತ ಬಂದವು. ಗಿಡ ಹೂವು ಕಾಯಿ ಹಿಡಿದು ನಿಂತಿರುವಾಗಲೇ ಎಲೆ ಮುದುಡುವ ಕಾಟ ಶುರುವಾಗಿತ್ತು. ಹಲಗೇರಿಯಿಂದ ಒಬ್ಬರು ಕರೆ ಮಾಡಿದ್ದು ನೆನಪಿದೆ.

“ಎಲಿ ಎಲ್ಲಾ ಮುದುಡ್ಯಾವ್ರಿ ಸಾಹೇಬ್ರ. ಅಂಗಡ್ಯಾವ ಒಂದು ಔಷಧ ಕೊಟ್ಟಾನ, ಹೊಡ್ಯಾಕ ನಿಂತೇನಿ.”

“ಹೊಡೀಬ್ಯಾಡ್ರಿ, ತಡೀರಿ. ಎಲಿ ಮ್ಯಾಲಕ್ಕ ಮುದುಡ್ಯಾವೋ, ಕೆಳಕ್ಕೋ?”

ಇದು ನಮ್ಮ ಕೆಲಸದ ಮೊದಲ ಪ್ರಶ್ನೆ. ಅಂಚು ಮೇಲಕ್ಕೆ ಸುರುಳಿಯಾಗಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಕ್ಕೆ ಬಗ್ಗಿದ್ದರೆ ಮೈಟ್ ಎಂಬ ನುಸಿ. ಎರಡಕ್ಕೂ ಔಷಧ ಬೇರೆ. ಒಂದರ ಔಷಧ ಇನ್ನೊಂದಕ್ಕೆ ಹೊಡೆದರೆ ದುಡ್ಡು ಮಣ್ಣಿಗೆ. ತುದಿಯ ಎಲೆಯನ್ನು ಬಿಳಿ ಹಾಳೆಯ ಮೇಲೆ ಝಾಡಿಸಿ ನೋಡಲು ಹೇಳಿದೆ. ಅವರು ಹಾಳೆ ಹುಡುಕಲು ಹೋದಾಗ ಮಗಳು ಜೋಳಿಗೆಯಿಂದ ಎದ್ದು ರಾಗ ತೆಗೆದಳು. ನನ್ನ ಹೆಬ್ಬೆರಳು ಒಂದು ಕ್ಷಣ ತಡವಾಯಿತು.

“ಕೂಸು ಅಳಾಕತ್ತೈತೇನ್ರಿ?” ಎಂದರು ಹಲಗೇರಿಯವರು. “ಮೊದ್ಲ ಅದನ್ನ ನೋಡ್ರಿ. ನಾ ಫೋನ್ ಹಿಡಕೊಂಡಿರ್ತೇನಿ. ಗಿಡ ಎಲ್ಲಿ ಓಡಿ ಹೋಗ್ತೈತಿ.”

ಆ ಕರೆಗೂ ಕೆಂಪು ಬಿತ್ತು. ಆದರೆ ತಿಂಗಳ ಕೊನೆಗೆ ನನ್ನ ಹೆಸರಿನ ಮುಂದೆ ಆ ಕೆಂಪು ಇರಲಿಲ್ಲ. ಯಂತ್ರವೂ ಸರ್ಕಾರಿ ನೌಕರರಂತೆ ಆಗಾಗ ಮರೆಯುತ್ತದೆ ಎಂದುಕೊಂಡು ಸುಮ್ಮನಾದೆ.

ಆಮೇಲೆ ಬೆಂಗಳೂರಿನಿಂದ ನಮ್ಮ ಟೀಮ್ ಲೀಡರ್ ಕರೆ ಮಾಡಿದ. ನನಗಿಂತ ಚಿಕ್ಕವನು, ಎಲ್ಲ ಮಾತನ್ನೂ ನಗುತ್ತಲೇ ಹೇಳುವವನು, ಬೈಯುವುದನ್ನೂ.

“ಸರ್, ವಾರ್ಷಿಕೋತ್ಸವಕ್ಕೆ ಒಂದು ಚಿಕ್ಕ ಫಿಲ್ಮ್ ಮಾಡ್ತಿದೀವಿ. ವರ್ಕ್ ಫ್ರಮ್ ಹೋಮ್ ಮಾಡ್ತಾ ಮಗು ನೋಡ್ಕೊಳ್ಳೋ ಅಪ್ಪ. ನೀವೇ ಹೀರೋ.”

“ರಾಣೇಬೆನ್ನೂರಿನವರೂ ಇರ್ತಾರೇನ್ರಿ ಅದರಾಗ? ಅವರಿಗೂ ಮಗು ಐತಿ.”

“ಅಮ್ಮ ಮಗು ನೋಡ್ಕೊಳ್ಳೋದ್ರಲ್ಲಿ ಸ್ಟೋರಿ ಏನಿದೆ ಸರ್?”

ಆ ಮಾತು ನನಗೆ ಅಸಹ್ಯವೆನಿಸಿತು. ಆದರೂ ಎರಡು ತಾಸಿನ ಕೆಲಸ, ಮುಗಿಸಿ ಕಳಿಸಿದರಾಯಿತು ಎಂದು ಒಪ್ಪಿಕೊಂಡೆ. ಆ ಹೊತ್ತು ನನ್ನ ಲೈನಿನ ಕರೆಗಳೆಲ್ಲ ರಾಣೇಬೆನ್ನೂರಿಗೆ ಹೋಗುವ ಹಾಗೆ ವ್ಯವಸ್ಥೆಯಾಯಿತು.

ಚಿತ್ರೀಕರಣದ ದಿನ ಸೋಮವಾರ, ಮೆಣಸಿನಕಾಯಿ ಮಾರುಕಟ್ಟೆಯ ದಿನ. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಎಚ್.ಆರ್. ಮೇಡಂ ಊರೊಳಗೆ ಕಾಲಿಡುತ್ತಲೇ ಸೀನತೊಡಗಿದರು. ಜೊತೆಗೆ ಒಬ್ಬ ಕ್ಯಾಮೆರಾದವನು. ಮನೆಯೊಳಗೆ ಬಂದವರು ಮೊದಲು ಮಾಡಿದ ಕೆಲಸ, ನಾನು ಮನೆಯಿಂದ ಕೆಲಸ ಮಾಡಲು ಕಟ್ಟಿಕೊಂಡಿದ್ದನ್ನೆಲ್ಲ ಬಿಚ್ಚಿದ್ದು. ಕೌದಿ ತೆಗೆಸಿದರು, ಅದು ಹಳೆಯದಾಗಿ ಕಾಣುತ್ತದಂತೆ. ಜೋಳಿಗೆ ಬಿಚ್ಚಿಸಿದರು, ಅದು ಬಡತನ ತೋರಿಸುತ್ತದಂತೆ. ಅಡ್ಡಾಡುತ್ತಿದ್ದ ಅವ್ವನನ್ನು ಅಡುಗೆಮನೆಗೆ ಕಳಿಸಿದರು. ಗೋಡೆಯ ಮೇಲಿದ್ದ ನಮ್ಮಿಬ್ಬರ ಮದುವೆಯ ಫೋಟೋ ಕೂಡ ಕೆಳಗಿಳಿಯಿತು. “ವೈಫ್ ಕಾಣಿಸಿದ್ರೆ, ಅವರೆಲ್ಲಿ ಅಂತ ಜನ ಕೇಳ್ತಾರೆ” ಎಂದರು ಮೇಡಂ. ಮಗಳಿಗೆ ಅವರೇ ತಂದ ಬಿಳಿ ಫ್ರಾಕು ತೊಡಿಸಿದರು. ಅದನ್ನು ಅವಳು ಹಾಕಿಕೊಂಡ ಕೂಡಲೇ ಒದ್ದೆ ಮಾಡಿ ನನ್ನ ಮಾನ ಉಳಿಸಿದಳು.

ಮೇಜಿನ ಮೇಲೆ ಅಲಂಕಾರಕ್ಕೆಂದು ಒಂದು ಚೀಲ ಒಣ ಮೆಣಸಿನಕಾಯಿ ತಂದಿದ್ದರು. ಕಂಪನಿಯ ಹೊಸ ಹೈಬ್ರಿಡ್. ನೋಡಲು ಥೇಟ್ ನಮ್ಮ ಬ್ಯಾಡಗಿ ಕಾಯಿಯೇ, ಅದೇ ಸುಕ್ಕು, ಅದೇ ಗಾಢ ಕೆಂಪು. ಖಾರ ಮಾತ್ರ ಬೆಂಕಿ. ಒಂದು ಹಿತ್ತಾಳೆ ತಾಟಿನಲ್ಲಿ ಅಷ್ಟನ್ನು ಸುರಿದು, ಉಳಿದದ್ದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಅಲ್ಲಿ ಅವ್ವ ಇದ್ದಳು.

ಅವ್ವನಿಗೆ ಬೆಳಿಗ್ಗೆಯಿಂದ ಜೀವ ಚುರುಚುರು ಎನ್ನುತ್ತಿತ್ತು. ಪರ ಊರಿನವರು, ಕಾರು, ಕ್ಯಾಮೆರಾ, ಕಟ್ಟೆಯ ತುಂಬ ನೆರೆದ ಓಣಿಯವರು, ನಡುವೆ ಬಿಳಿ ಫ್ರಾಕಿನ ಮೊಮ್ಮಗಳು. ಇಷ್ಟಾದ ಮೇಲೆ ದೃಷ್ಟಿ ತೆಗೆಯದೆ ಬಿಟ್ಟರೆ ಅವಳು ಅವ್ವನೇ ಅಲ್ಲ. ನಮ್ಮಲ್ಲಿ ಉಪ್ಪು, ಮೆಣಸಿನಕಾಯಿ ಇಳಿದೆಗೆದು ಬೆಂಕಿಗೆ ಹಾಕುತ್ತಾರೆ. ಘಾಟು ಬಂದು ಕೆಮ್ಮು ಹತ್ತಿದರೆ ದೃಷ್ಟಿ ಆಗಿಲ್ಲ, ಘಾಟು ಬಾರದಿದ್ದರೆ ಆಗಿತ್ತು ಎಂದು ಲೆಕ್ಕ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಸುಟ್ಟರೂ ಹೇಳಿಕೊಳ್ಳುವಂಥ ಘಾಟು ಬರುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಯಾವಾಗ ದೃಷ್ಟಿ ತೆಗೆದರೂ ಭಾರೀ ದೃಷ್ಟಿಯೇ ಆಗಿರುತ್ತಿತ್ತು. ಅದಕ್ಕೇ ಅವ್ವ ಎರಡು ಮೂರು ಕಾಯಿಗೆ ನಿಲ್ಲುವವಳಲ್ಲ, ಹಿಡಿಗಟ್ಟಲೆ ಹಾಕುತ್ತಾಳೆ.

ಕ್ಯಾಮೆರಾದವನು ಬೆಳಕು ಸರಿಮಾಡುತ್ತಿದ್ದಾಗ ಅವ್ವ ಬಂದು ನನಗೂ ಮಗಳಿಗೂ ಇಳಿದೆಗೆದಳು. “ಬಂದವರ ದೃಷ್ಟಿ, ನಿಂತವರ ದೃಷ್ಟಿ, ಓಣ್ಯಾಗಿನವರ ದೃಷ್ಟಿ” ಎಂದು ಮೇಡಂ ಕಡೆಗೂ ಒಮ್ಮೆ ನೋಡಿದಳು. ಮೇಡಂ ಅದನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು “ಸೋ ಸ್ವೀಟ್” ಎಂದರು. ಅವ್ವ ಹೋಗಿ, ಕಟ್ಟೆಯ ಮೇಲಿನ ಚೀಲದಿಂದ ತೆಗೆದಿದ್ದ ಆ ಹಿಡಿಯನ್ನು ಬಚ್ಚಲ ಒಲೆಗೆ ಹಾಕಿದಳು.

ಮುಂದಿನದನ್ನು ವಿವರಿಸುವ ಅಗತ್ಯವಿಲ್ಲ. ಮಗಳನ್ನು ಎದೆಗವಚಿಕೊಂಡು ಮೊದಲು ಓಡಿದವನು ನಾನು. ನನ್ನ ಹಿಂದೆ ಮೇಡಂ, ಅವರ ಹಿಂದೆ ಕ್ಯಾಮೆರಾ ಬಿಟ್ಟು ಕ್ಯಾಮೆರಾದವನು. ಬೀದಿ ನಳದ ಕೆಳಗೆ ಮಗಳ ಮುಖ ತೊಳೆದೆ. ಅವಳು ನೀರು ಸಿಕ್ಕಿದ್ದಕ್ಕೆ ನಗತೊಡಗಿದಳು. ಮೇಡಂ ಎದುರು ಮನೆಯ ಅಜ್ಜಿಯ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಸಿದು, ಕಣ್ಣು ಮೂಗು ಒಂದಾಗಿ ಕೆಮ್ಮುತ್ತಿದ್ದರು. ಕೊನೆಗೆ ಅವ್ವ ಸೆರಗು ಮೂಗಿಗೆ ಹಿಡಿದು ನಿಧಾನವಾಗಿ ಹೊರಬಂದಳು. ಅವಳ ಮುಖದಲ್ಲಿ ಗಾಬರಿಗಿಂತ ನಿರಾಸೆ ಹೆಚ್ಚಿತ್ತು.

“ಏನ್ ಘಾಟಪಾ ಇದು” ಎಂದಳು. “ನಿನ್ನ ಮ್ಯಾಲೆ ಯಾರ ದೃಷ್ಟೀನೂ ಇಲ್ಲ ಬಿಡು.”

ಅಂದು ಖರೇ ಮಾತಾಡಿದವಳು ಅವಳೊಬ್ಬಳೇ. ನನ್ನ ಬದುಕನ್ನು ನೋಡಿ ಹೊಟ್ಟೆಕಿಚ್ಚು ಪಡುವವರು ಅಲ್ಲಿ ಯಾರೂ ಇರಲಿಲ್ಲ. ಹೊಗಳುವವರಷ್ಟೇ ಇದ್ದರು.

ಮನೆಯ ಘಾಟು ಹೋಗಲು, ಮೇಡಂ ಮುಖಕ್ಕೆ ಮತ್ತೆ ಬಣ್ಣ ಬರಲು, ಮಗಳ ನಿದ್ದೆ ಮುಗಿಯಲು ಕಾಯುತ್ತ ಎರಡು ತಾಸಿನ ಕೆಲಸ ಸಂಜೆಯವರೆಗೆ ಎಳೆಯಿತು. ನಾನು ನಡುವೆ ಎರಡು ಸಲ ಲೈನಿಗೆ ಮರಳುತ್ತೇನೆಂದೆ. “ಅದು ಮ್ಯಾನೇಜ್ ಆಗ್ತಿದೆ ಸರ್” ಎಂದು ಮೇಡಂ ಕೂರಿಸಿದರು. ಹೇಗೆ ಮ್ಯಾನೇಜ್ ಆಗುತ್ತಿತ್ತು ಎಂಬುದು ಸಂಜೆ ರಾಣೇಬೆನ್ನೂರಿನಿಂದ ಫೋನ್ ಬಂದಾಗ ತಿಳಿಯಿತು.

“ಅಣ್ಣಾರ, ಸಿನಿಮಾ ಮುಗೀತೇನ್ರಿ?”

“ಮುಗೀತ್ರಿ ಅಕ್ಕಾರ. ನಿಮಗ ಭಾಳ ತ್ರಾಸ ಆತೇನು?”

“ಇವತ್ತ ಎರಡೂ ಲೈನ್ ನನ್ನ ಮ್ಯಾಲೆ ಇದ್ವಲ್ರಿ. ಉಸುರು ಬಿಡಾಕ ಪುರಸತ್ತಿಲ್ಲ. ಮಗಳಿಗೆ ಹೊತ್ತಿಗೆ ಸರಿಯಾಗಿ ಉಣ್ಣಾಕ ಕೊಡಾಕ ಆಗಲಿಲ್ಲ. ಅತ್ತಳು. ಮೂರನೇ ಕೆಂಪು ಬಿತ್ತು. ಒಂದನೇ ತಾರೀಖಿಗೆ ಹಾವೇರಿಗೆ ಬಂದು ಕುಂದ್ರು ಅಂತ ಈಗ ಮೇಲ್ ಬಂತು.”

ಬೆಳಿಗ್ಗೆ ಏಳು ಗಂಟೆಗೇ ಲೈನ್ ತೆರೆಯಬೇಕು. ಅಷ್ಟು ಹೊತ್ತಿಗೆ ಆ ಮಗುವನ್ನು ಎಲ್ಲಿ ಬಿಟ್ಟು ಆಕೆ ಹಾವೇರಿಗೆ ಹೋಗುತ್ತಾರೆ? ಆ ಮೇಲ್‌ಗೆ ಸಭ್ಯವಾದ ಭಾಷೆಯಿತ್ತು, ಅರ್ಥ ಮಾತ್ರ ಕೆಲಸ ಬಿಡು ಎಂದೇ.

“ನನಗೂ ಕೆಂಪು ಬಿದ್ದಾವ್ರಿ” ಎಂದೆ. “ಹಲಗೇರಿಯವರ ಕರೆಗೆ ಬಿದ್ದಿತ್ತು. ಹೋದ ವಾರಾನೂ ಬಿದ್ದಾವು.”

“ನಿಮ್ಮವನ್ನ ಟೀಮ್ ಲೀಡರ್ ತಾವ ಅಳಸ್ತಾರಂತ. ನನಗ ಅವರ ಹೇಳಿದ್ರು, ಹೊಗಳಿಕೆ ಅನ್ನೂಹಂಗ. ಪಾಪ, ಗಂಡಸು ಒಬ್ಬರ ಸಂಬಾಳಸಾಕತ್ತಾರ ಅಂತ.” ಆಕೆ ನಕ್ಕರು, ಸಂತೋಷದ ನಗುವಲ್ಲ. “ನಿಮ್ಮ ಮಗಳು ಅತ್ರ ಮುದ್ದು ಅಣ್ಣಾರ. ನಮ್ಮ ಮಗಳು ಅತ್ರ ಗದ್ದಲ.”

ಆ ಮಾತು ಎದೆಗೆ ನಾಟಿತು. ಅವಮಾನ ಆಕೆಗೆ ಮಾಡಿದ್ದರು, ನಾಚಿಕೆ ನನಗಾಯಿತು. ಅಂದೇ ಟೀಮ್ ಲೀಡರ್‌ಗೆ ಫೋನ್ ಮಾಡಿದೆ. ಇವತ್ತು ಆಕೆ ತೆಗೆದುಕೊಂಡದ್ದು ನನ್ನ ಕರೆಗಳು, ಬಿದ್ದ ಕೆಂಪೂ ನನ್ನದೇ ಎಂದೆ.

“ರೂಲ್ ಎಲ್ಲರಿಗೂ ಒಂದೇ ಸರ್” ಎಂದ, ನಗುತ್ತ.

“ಹಂಗಾದ್ರ ನನ್ನವನ್ನ ಯಾಕ ಅಳಸೀರಿ?”

“ನಿಮ್ದು ಬೇರೆ. ಇಡೀ ಕಂಪನಿಗೆ ನೀವೊಂದು ಇನ್ಸ್‌ಪಿರೇಷನ್. ಫಿಲ್ಮ್ ಬೇರೆ ಆಗಿದೆ. ಎಮೋಷನಲ್ ಆಗ್ಬೇಡಿ, ಆರಾಮಾಗಿರಿ.”

ಆರಾಮಾಗಿರು ಎಂದು ಹೇಳುವವರು ಸಾಮಾನ್ಯವಾಗಿ ಇನ್ನೊಬ್ಬರ ಹೆಗಲ ಮೇಲೆ ಕುಳಿತೇ ಹೇಳುತ್ತಾರೆ. ನಾನು ಫೋನಿಟ್ಟೆ.

ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಮೊದಲು ಕೇಳಿದ್ದು ಗೋಡೆಯ ಮೇಲಿನ ಫೋಟೋ ಎಲ್ಲಿ ಎಂದು. ಅದನ್ನು ಯಾಕೆ ಇಳಿಸಿದರು ಎಂದು ಹೇಳಿದಾಗ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ನನ್ನ ಹೆಂಗೂ ಯಾರೂ ಹೊಗಳೂದಿಲ್ಲ. ಅದು ಬಿಡ್ರಿ. ಈಗ ನಾ ನನ್ನ ಮನ್ಯಾಗೂ ಇಲ್ಲ ಅಂದ್ರೇನು?” ತಾಟು ಬದಿಗೆ ಸರಿಸಿ ಕೇಳಿದಳು, “ನಿಮ್ಮ ಕೆಂಪೂ ಎಣಸ್ರಿ ಅಂತ ಕಂಪನಿಗೆ ಬರದ್ರ ಏನಾಕ್ಕೈತಿ?”

“ನನಗೂ ಹಾವೇರಿ. ಅವ್ವಗ ಕೂಸು ಎತ್ತಾಕ ಆಗೂದಿಲ್ಲ. ನೀ ರಜಾ ಹಾಕಬೇಕು, ಇಲ್ಲಾಂದ್ರ ನಾ ನೌಕರಿ ಬಿಡಬೇಕು.”

“ರಜಾ ನಾ ಹಾಕೂದಿಲ್ಲ” ಎಂದಳು. “ಆದ್ರ ನೀವು ಬರೀರಿ. ಆಕಿ ಮನಿ ಮುರದು ನಾವು ಹೀರೋ ಆಗೂದು ಬ್ಯಾಡ.”

ಬರೆದೆ. ನನ್ನ ಹೆಸರಿನಿಂದ ಅಳಿಸಿದ ಕೆಂಪುಗಳನ್ನೆಲ್ಲ ಮರಳಿ ಹಾಕಬೇಕು, ಇಲ್ಲವೇ ಆಕೆಯವನ್ನೂ ಅಳಿಸಬೇಕು, ಇಲ್ಲವಾದರೆ ಫಿಲ್ಮಿನಲ್ಲಿ ನನ್ನ ಮಗಳ ಮುಖ ತೋರಿಸಲು ನನ್ನ ಒಪ್ಪಿಗೆ ಇಲ್ಲ ಎಂದು ಟೀಮ್ ಲೀಡರ್‌ಗೂ ಅವನ ಮೇಲಿನವರಿಗೂ ಬರೆದೆ. ಆಕೆಯವು ಅಳಿಯುತ್ತವೆ ಎಂಬ ಒಂದು ಚೂರು ಆಸೆ ನನಗಿತ್ತು. ಕಂಪನಿಗಳಿಗೆ ನ್ಯಾಯ ಮಾಡಲು ಎರಡು ದಾರಿ ಇದ್ದರೆ ಯಾವುದನ್ನು ಹಿಡಿಯುತ್ತವೆ ಎಂಬುದು ಗೊತ್ತಿದ್ದೂ ಆಸೆ ಪಟ್ಟೆ. ಮರುದಿನವೇ ಉತ್ತರ ಬಂತು. ನನಗೂ ಒಂದನೇ ತಾರೀಖಿನಿಂದ ಹಾವೇರಿ.

ಆ ಸುದ್ದಿ ಓಣಿಗೆ ತಿಳಿದಾಗ ದಲಾಲಿ ಕಾಕಾಗೆ ಆದಷ್ಟು ಸಂತೋಷ ಬೇರೆ ಯಾರಿಗೂ ಆಗಲಿಲ್ಲ. “ಈಗ ಖರೇ ನೌಕರಿ ಸಿಕ್ಕಿತು ನೋಡು” ಎಂದರು.

ನಾನು ರಾಣೇಬೆನ್ನೂರಿಗೆ ಫೋನ್ ಮಾಡಿ, ಮಾಡಿದ್ದನ್ನೂ ಆದದ್ದನ್ನೂ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡೆ.

“ಆರ್ಡರ್ ತಗದು ಇನ್ನೊಮ್ಮೆ ಓದ್ರಿ ಅಣ್ಣಾರ” ಎಂದರು ಆಕೆ. “ಕಚೇರಿಗೆ ಬರಬೇಕು ಅಂತ ಬರದಾರ. ಮಗಳನ್ನ ಮನ್ಯಾಗ ಬಿಟ್ಟು ಬರಬೇಕು ಅಂತ ಎಲ್ಲೆರ ಬರದಾರೇನು?”

ಒಂದನೇ ತಾರೀಖು ಕತ್ತಲು ಹರಿಯುವ ಮೊದಲೇ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಿರದ ಮೋಟೆಬೆನ್ನೂರಿನ ಹೆದ್ದಾರಿಗೆ ಹೋಗಿ ನಿಂತೆ. ಒಂದು ಚೀಲದಲ್ಲಿ ಹೆಡ್‌ಸೆಟ್ಟು, ಬಾಟಲಿ, ಚಡ್ಡಿಗಳು, ಜೋಳಿಗೆಯ ಸೀರೆ, ಹಗ್ಗ. ರಾಣೇಬೆನ್ನೂರಿನಿಂದ ಬಂದ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಒಬ್ಬರು ಕೈ ಬೀಸಿದರು. ಕಪ್ಪು ಬುರ್ಖಾ, ದಪ್ಪ ಕನ್ನಡಕ, ಮಡಿಲಲ್ಲಿ ಎರಡು ಜಡೆಯ ಹುಡುಗಿ. ಇಷ್ಟು ದಿನ ಕೇಳಿದ ಧ್ವನಿಗೆ ನಾನು ಮನಸ್ಸಿನಲ್ಲಿ ಕೊಟ್ಟಿದ್ದ ಮುಖ ಅದಾಗಿರಲಿಲ್ಲ. ಆಕೆಗೂ ಹಾಗೆಯೇ ಅನಿಸಿರಬೇಕು.

“ಇಷ್ಟು ಸಣ್ಣ ಅದೀರೇನು” ಎಂದರು. “ಫೋನಿನ್ಯಾಗ ಭಾಳ ದಪ್ಪ ಕೇಳಸ್ತೀರಿ.” ಆಕೆಗೆ ಮೊದಲೇ ಉಚಿತ ಟಿಕೆಟ್ ಕೊಟ್ಟಿದ್ದ ಕಂಡಕ್ಟರ್ ನನ್ನ ಕಡೆ ಕೈ ಚಾಚಿದ. ಹಾವೇರಿ ಮುಟ್ಟುವವರೆಗೆ ಇಬ್ಬರು ಮಕ್ಕಳೂ ನನ್ನ ತೊಡೆಯ ಮೇಲಿದ್ದರು. ಆಕೆ ಕಿಟಕಿಗೆ ತಲೆಯಾನಿಸಿ ಗಾಢ ನಿದ್ದೆ ಮಾಡಿದರು. ಎಷ್ಟು ದಿನದ ನಿದ್ದೆಯೋ ಏನೋ.

ಹಾವೇರಿಯ ಕಚೇರಿ ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ಒಂದೇ ದೊಡ್ಡ ಕೋಣೆ, ನಡುವೆ ಗೋಡೆಯಿಲ್ಲ. ಹತ್ತಿ, ಗೋವಿನಜೋಳ, ತರಕಾರಿ ಲೈನುಗಳ ಜನ ಸಾಲಾಗಿ ಕುಳಿತು ಮಾತಾಡುತ್ತಿದ್ದರು. ಶಾಖೆಯ ವ್ಯವಸ್ಥಾಪಕರು ನಮ್ಮನ್ನು ನೋಡಿದರು, ಮಕ್ಕಳನ್ನು ನೋಡಿದರು, ನಾನು ಕಿಟಕಿಯ ಸರಳಿಗೆ ಜೋಳಿಗೆ ಕಟ್ಟುವುದನ್ನೂ ನೋಡಿದರು.

“ಇವೇನ್ರಿ?”

“ಮಕ್ಕಳ್ರಿ” ಎಂದರು ಆಕೆ. “ನಮಗ ಕೆಂಪು ತಂದು ಕೊಟ್ಟವರು ಇವರ.”

ನಾವು ಲೈನ್ ತೆರೆದೆವು. ಮಕ್ಕಳಿಗೆ ನಾವೇನೂ ಹೇಳಿಕೊಟ್ಟಿರಲಿಲ್ಲ, ಆ ಅಗತ್ಯ ಬೀಳಲಿಲ್ಲ. ಮನೆಯಲ್ಲಿ ಒಬ್ಬೊಬ್ಬಳೇ ಇದ್ದವರಿಗೆ ಜೊತೆ ಸಿಕ್ಕಿತ್ತು. ಮೊದಲು ಕುರ್ಚಿಗಳ ಗಾಲಿ ಹಿಡಿದು ಓಡಾಡಿದರು. ಆಮೇಲೆ ಒಂದೇ ಬಿಸ್ಕೀಟಿಗೆ ಜಗಳ. ಒಬ್ಬಳು ಅತ್ತರೆ ಇನ್ನೊಬ್ಬಳು ಕಾರಣ ಕೇಳದೆ ಜೊತೆಗೂಡುತ್ತಿದ್ದಳು. ನಮ್ಮ ಕರೆಗಳಿಗೆ ಕೆಂಪು ಬಿತ್ತು. ಪಕ್ಕದ ಹತ್ತಿಯವನಿಗೂ ಬಿತ್ತು. ಗೋವಿನಜೋಳದವಳಿಗೆ ಬಿತ್ತು. ತರಕಾರಿ ಲೈನಿನ ಹಿರಿಯರೊಬ್ಬರು ಕೆಲಸಕ್ಕೆ ಸೇರಿದಾಗಿನಿಂದ ಒಂದೂ ಕೆಂಪು ಕಾಣದವರು. ನನ್ನ ಮಗಳು ಅವರ ಪ್ಯಾಂಟು ಹಿಡಿದು “ತಾತಾ” ಎಂದಿದ್ದೇ ತಡ, ಅವರಿಗೂ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಆ ಕೋಣೆಯಲ್ಲಿ ಮೂರು ಕೆಂಪು ದಾಟದವರು ಯಾರೂ ಉಳಿದಿರಲಿಲ್ಲ. ನಿಯಮದ ಪ್ರಕಾರ ಅವರನ್ನೆಲ್ಲ ಕೂಡಲೇ ಕಚೇರಿಗೆ ಕರೆಸಬೇಕಿತ್ತು. ಅವರು ಕಚೇರಿಯಲ್ಲೇ ಇದ್ದರು. ಬೆಂಗಳೂರಿನ ಎಂಟನೆಯ ಮಹಡಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಯಂತ್ರ ಕೆಟ್ಟಿದೆಯೇ ಎಂದು ವ್ಯವಸ್ಥಾಪಕರಿಗೆ ಫೋನ್ ಬಂತು. ಅವರು “ಇಲ್ರಿ, ಯಂತ್ರ ಛಲೋ ಐತಿ” ಎನ್ನುತ್ತಿದ್ದಾಗ ಹಿನ್ನೆಲೆಯಲ್ಲಿ ಎರಡು ಭಾಷೆಯ ಅಳು ಕೇಳುತ್ತಿತ್ತು.

ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ತೀರ್ಮಾನವಾಯಿತು. ಮುಂದಿನ ಆದೇಶದವರೆಗೆ ನಾವಿಬ್ಬರೂ ಮನೆಯಿಂದಲೇ ಕೆಲಸ ಮಾಡಬೇಕು, ಮೆಣಸಿನಕಾಯಿ ಲೈನಿಗೆ ಹಿನ್ನೆಲೆ ಸದ್ದಿನ ನಿಯಮ ಅನ್ವಯಿಸುವುದಿಲ್ಲ. ವ್ಯವಸ್ಥಾಪಕರು ನಮ್ಮನ್ನು ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟರು. ಅಷ್ಟು ಮರ್ಯಾದೆ ಆ ಕಂಪನಿಯಲ್ಲಿ ನಮಗೆ ಅದೇ ಮೊದಲು ಸಿಕ್ಕಿದ್ದು.

ತಿರುಗಿ ಬರುವ ಬಸ್ಸಿನಲ್ಲಿ ಆಕೆ ನಗಲಿಲ್ಲ. ನಾವು ಗೆದ್ದೆವು ಎಂದು ನಾನು ಹೇಳಹೊರಟೆ. “ಗೆದ್ದೇವೇನ್ರಿ?” ಎಂದರು. “ಇಷ್ಟು ದಿನ ಮಾಡಿದ್ದ ಕೆಲಸಾನ ನಾಳಿಂದ ಮಾಡೂದು. ಅಷ್ಟ.” ಮೋಟೆಬೆನ್ನೂರಿನಲ್ಲಿ ಇಳಿಯುವಾಗ ನನ್ನ ಮಗಳನ್ನು ಅವರ ಮಗಳ ಕೈಯಿಂದ ಬಿಡಿಸುವುದು ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಕೌದಿ ಇಳಿಬಿಟ್ಟು, ಜೋಳಿಗೆ ಕಟ್ಟಿ, ಲೈನ್ ತೆರೆದಿದ್ದೆ. ಟೀಮ್ ಲೀಡರ್‌ನ ಫೋನ್ ಬಂತು. ಏನೂ ಆಗಿಲ್ಲವೆಂಬಂತೆ ನಗುತ್ತಿದ್ದ.

“ಸರ್, ಹಾವೇರಿ ಆಫೀಸಲ್ಲಿ ಹೇಳ್ತಿದ್ರು, ನಿನ್ನೆ ಬಸ್ಸಲ್ಲಿ ನೀವು ಎರಡೂ ಮಕ್ಕಳನ್ನ ಎತ್ಕೊಂಡು ಕೂತಿದ್ರಂತೆ. ಎರಡೂ. ವಾವ್. ಅದರದೊಂದು ಫೋಟೋ ಇದ್ರೆ ಕಳಿಸಿ, ಫಿಲ್ಮ್ ಕೊನೇಲಿ ಹಾಕ್ಬಿಡೋಣ.”

ಪಕ್ಕದಲ್ಲಿ, ಮದುವೆಯ ಫೋಟೋ ಮತ್ತೆ ತೂಗುಹಾಕಿದ್ದ ಮೊಳೆಯ ಕೆಳಗೆ ಮಗಳು ನಿಂತಿದ್ದಳು. ಮೂಗು ಸೋರುತ್ತಿತ್ತು. ನಾನು ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟೆ. ಅವನು ಮೇಜಿನ ಜೊತೆ ಮಾತಾಡುತ್ತಲೇ ಇದ್ದ. ಮಗಳನ್ನು ಎತ್ತಿಕೊಂಡು ಮೂಗು ಒರೆಸಿದೆ. ಕೌದಿ ಇಳಿಬಿದ್ದಿತ್ತು, ಓಣಿಯಿಂದ ಯಾರಿಗೂ ಕಾಣಲಿಲ್ಲ.